ಮೂರು ವಾರದ ಸುಳ್ಳು

10, ಸೋಮವಾರ. ಬೆಳಿಗ್ಗೆ 8

ಇವತ್ತೂ ಏನಿಲ್ಲ. ಎದ್ದೆ, ಹಲ್ಲುಜ್ಜಿದೆ, ವಾಂತಿ ಮಾಡಿದೆ, ಮತ್ತೆ ಹಲ್ಲುಜ್ಜಿದೆ. ಕಾಲು ಊದಿ ಚಪ್ಪಲಿ ಹತ್ತುತ್ತಿಲ್ಲ. ಇವರ ಚಪ್ಪಲಿ ಹಾಕ್ಕೊಂಡು ಟಪಟಪ ಅಂತ ಓಡಾಡ್ತಿದೀನಿ.

ಫೋನು ಶುರು. "ಆಯ್ತಾ?" "ಇನ್ನೂ ಇಲ್ವಾ?" ಆದ್ರೆ ಹೇಳಲ್ವೇನ್ರೀ? ಹೊಟ್ಟೇಲೇ ಬಚ್ಚಿಟ್ಕೊಂಡು ಕೂರ್ತೀನಾ? ಅತ್ತೆ ಅರ್ಧ ಗಂಟೆಗೊಂದ್ಸಲ ಬಂದು ಹೊಟ್ಟೆ ಮುಟ್ಟಿ ನೋಡ್ತಾರೆ. "ಇನ್ನೂ ಕೆಳಗೆ ಇಳಿದಿಲ್ಲ ಕಣೇ." ಇವರು ಲಿಫ್ಟ್ ರಿಪೇರಿ ಮಾಡೋ ಮನುಷ್ಯ. ಬಟನ್ ಒತ್ತಿದ್ರೆ ಬಂದುಬಿಡುತ್ತೆ ಅಂದ್ಕೊಂಡಿದಾರೆ. ಬ್ಯಾಗು ಬಾಗಿಲ ಹತ್ರ ಇಟ್ಟು ವಾರ ಆಯ್ತು. ದಿನಾ ಎಡವ್ತೀನಿ.

ಕಾರ್ಡಲ್ಲಿ ಬರೆದಿರೋ ಹೆರಿಗೆ ತಾರೀಖು 6. ಆಸ್ಪತ್ರೇಲಿ ಈ ವರ್ಷದಿಂದ ಹೊಸ ರೂಲ್ಸು — ತಾರೀಖು ದಾಟಿ ವಾರ ಆಗೋಷ್ಟರಲ್ಲಿ ನೋವು ಬರ್ದಿದ್ರೆ ಅವರೇ ಬರಿಸ್ತಾರಂತೆ. ಬುಧವಾರ ಅಡ್ಮಿಟ್ ಆಗಬೇಕು.

ನಿಜವಾದ ತಾರೀಖು 27.

ಬರೆದುಬಿಟ್ಟೆ. ಇಷ್ಟು ತಿಂಗಳಲ್ಲಿ ಮನೇಲಿ ಯಾರಿಗೂ ಹೇಳಿಲ್ಲ. ಇವರಿಗೂ.

11, ಮಂಗಳವಾರ. ಮಧ್ಯಾಹ್ನ

ನನ್ನೊಬ್ಬಳದೇ ಬುದ್ಧಿ ಅಲ್ಲ ಇದು. ನಮ್ಮ ಗಾರ್ಮೆಂಟ್ಸ್ ಲೈನಿನಲ್ಲಿ ಎಲ್ರೂ ಮಾಡೋದೇ. ಫ್ಯಾಕ್ಟರೀಲಿ ಹೆರಿಗೆಗೆ ಒಂದೇ ಒಂದು ವಾರ ಮುಂಚೆ ರಜೆ. ಅಲ್ಲಿವರೆಗೆ ನಿಂತೇ ಕೆಲಸ. ನಾನು ಚೆಕಿಂಗ್ — ಶರ್ಟು ತಿರುಗಿಸು, ಗುಂಡಿ ತೂರೋ ಕಾಜಾ ನೋಡು, ದಾರ ಕತ್ತರಿಸು, ಮುಂದಿನದು. ಎಂಟು ಗಂಟೆ. ಕೂತ್ರೆ ಸೂಪರ್‌ವೈಸರ್ ಕೆಮ್ತಾನೆ. ಅದಕ್ಕೆ ಪ್ರೆಸ್ಸಿಂಗ್ ಅಕ್ಕ — ಇಸ್ತ್ರಿ ಟೇಬಲ್ಲಿನ ಹಳೇ ಹುಲಿ — ಬಸುರಿ ಆದವಳ ಕಿವೀಲಿ ಮೊದಲು ಊದೋದೇ ಇದು: "ಆಸ್ಪತ್ರೇಲಿ ಮುಟ್ಟಿನ ತಾರೀಖು ಕೇಳ್ತಾರೆ. ಮೂರು ವಾರ ಹಿಂದಕ್ಕೆ ತಳ್ಳಿ ಹೇಳು. ರಜೆ ಬೇಗ ಬರುತ್ತೆ, ಕಾಲಿಗೆ ಮೂರು ವಾರ ಪುಣ್ಯ."

ಹಿಂದೆ ಇದ್ದ ಡಾಕ್ಟರು "ಬರೋವಾಗ ಬರುತ್ತೆ" ಅಂತ ಮನೆಗೆ ಕಳಿಸ್ತಿದ್ರು. ಪ್ರೆಸ್ಸಿಂಗ್ ಅಕ್ಕನ ಹೆರಿಗೆ ಕಾರ್ಡ್ ಪ್ರಕಾರ ಇಪ್ಪತ್ತು ದಿನ ತಡ ಆಗಿ ಆಯ್ತು, ಯಾರೂ ಕೇಳ್ಲಿಲ್ಲ. ಈಗ ಡಾಕ್ಟರು ಬದಲು. ರೂಲ್ಸು ಬದಲು. ಸುಳ್ಳು ಮಾತ್ರ ಹಳೇದೇ.

ಏಳನೇ ತಿಂಗಳಲ್ಲಿ ಮಾಡಿದ್ದು ಒಂದೇ ಸ್ಕ್ಯಾನು. ಮೂರು ವಾರ ಕಮ್ಮಿ ತೋರಿಸ್ತು. ಸಿಕ್ಕಿಬಿದ್ದೆ ಅಂದ್ಕೊಂಡೆ. ಹೊಸ ಡಾಕ್ಟರ್ ಮೇಡಂ ತಲೆ ಎತ್ತದೆ "ಮಗು ಸಣ್ಣದು, ಚೆನ್ನಾಗಿ ತಿನ್ನಿ" ಅಂತ ಬರೆದ್ರು. ಬಚಾವಾದೆ ಅಂತ ಖುಷಿಪಟ್ಟೆ. ಥೂ, ನನ್ನ ಜನ್ಮಕ್ಕೆ.

ಈಗ ಬಾಯಿ ಬಿಟ್ರೆ ರಜೆ ಹೋಗುತ್ತೆ, ಬಹುಶಃ ಕೆಲಸಾನೂ. ಲೈನಲ್ಲಿ ಇನ್ನೂ ನಾಲ್ಕು ಜನ ಬಸುರೀರು ಇದಾರೆ. ಅವರ ಕಾರ್ಡೂ ನನ್ನ ಕಾರ್ಡಿನ ಹಾಗೇ.

ಬಿಡದಿದ್ರೆ... ಇನ್ನೂ ಬೇಯದೆ ಇರೋದನ್ನ ಒಲೆಯಿಂದ ಇಳಿಸಿದ ಹಾಗೆ.

12, ಬುಧವಾರ. 11 ಗಂಟೆ

ಅಡ್ಮಿಟ್. ಏಳನೇ ಬೆಡ್. ಹಸಿರು ಪರದೆ, ಒಂದು ಮೊಳ ಕಮ್ಮಿ. ಎಳೆದ್ರೆ ಮುಖ ಮುಚ್ಚುತ್ತೆ, ಕಾಲು ಮುಚ್ಚಲ್ಲ. ರಬ್ಬರ್ ಶೀಟಿನ ಮೇಲೆ ಯಾರದೋ ಹಳದಿ ಕಲೆ. "ತೊಳೆದಿದೆ ಅದು" ಅಂದ್ಲು ಆಯಾ. ತೊಳೆದ ಕಲೆ ಅಂತೆ.

ಎನಿಮಾ ಕೊಟ್ರು. ಆರು ಜನಕ್ಕೆ ಒಂದೇ ಸಲ. ಟಾಯ್ಲೆಟ್ಟು ಎರಡು. ಹೆಚ್ಚು ಬರೆಯಲ್ಲ.

ಡಾಕ್ಟರ್ ಮೇಡಂ ಕೈ ಹಾಕಿ ನೋಡಿದ್ರು. ನೋಡೋವಾಗ ಫೋನಲ್ಲಿ ಯಾರಿಗೋ ಟೈಲ್ಸ್ ಬಣ್ಣದ ಬಗ್ಗೆ ಹೇಳ್ತಿದ್ರು. "ಬೂದಿ ಬಣ್ಣ ಬೇಡ... ಇವರದು ಗರ್ಭದ ಬಾಯೇ ಬಿಟ್ಟಿಲ್ಲ ಸಿಸ್ಟರ್... ತಿಳಿ ನೀಲಿ ಇರಲಿ." ಒಳಗೆ ಮಾತ್ರೆ ಇಟ್ಟು ಗ್ಲೌಸು ಬಕೆಟ್ಟಿಗೆ ಎಸೆದ್ರು. ಬಕೆಟ್ಟು ನನ್ನ ತಲೆ ಹತ್ರಾನೇ.

12, ಸಂಜೆ 5

ನೋವು ಬಂತು. ಸೊಂಟ ಹಿಂಡಿ ಹಿಂಡಿ ಬಿಡ್ತಿದೆ. ಬಾಯಿ ಮಾತ್ರ ಬಿಟ್ಟಿಲ್ಲ. ಮೂರು ಸಲ ನೋಡಿದ್ರು, ಮೂರು ಬೇರೆ ಕೈ. ಕೊನೇದು ಟ್ರೈನಿಂಗ್ ಹುಡುಗಿ. "ಸಾರಿ ಆಂಟಿ" ಅಂದ್ಲು. ನನಗೆ ಇಪ್ಪತ್ತೆಂಟು ಕಣಮ್ಮಾ.

ಎಂಟನೇ ಬೆಡ್ಡಿನವಳಿಗೆ ಮೂರನೇ ಮಗು. ಮೂರಕ್ಕೂ ನೋವು ಬರಿಸಿದ್ದೇ ಅಂತೆ. "ಮೊದಲನೇದಕ್ಕೆ ಈ ಆಸ್ಪತ್ರೆಯವರು ಜೆಲ್ ಹಾಕಿ ಮರೆತೇಬಿಟ್ರು ಕಣ್ರೀ. ಎರಡನೇದಕ್ಕೆ ಬಾಯಿ ಅಗಲಿಸೋ ಬಲೂನು. ನಮ್ಮೆಜಮಾನ್ರು ಬಲೂನು ಅಂದ ತಕ್ಷಣ ಪಾರ್ಟಿ ಅಂದ್ಕೊಂಡ್ರು." ನಗು ಬಂತು, ನಗೋವಾಗ ಮತ್ತೆ ಹಿಂಡ್ತು. ಅವಳೂ ನಗ್ತಾ ನಗ್ತಾ ಗೋಡೆ ಕಡೆ ತಿರುಗಿದ್ಲು. "ಒಂದು ಸಲನೂ ತಾನಾಗೇ ಬರಲಿಲ್ಲ. ಅದು ಹೇಗಿರುತ್ತೋ ನೋಡೋ ಆಸೆ ಇತ್ತು" ಅಂದ್ಲು.

ಅತ್ತೆ ಬಂದ್ರು. ಅವರಿಗೆ ಆಗ ನೋವು ಬರೋಕೆ ಹರಳೆಣ್ಣೆ ಕುಡಿಸಿದ್ರಂತೆ. "ಎರಡು ದಿನ ಬಚ್ಚಲು ಬಿಟ್ಟು ಕದಲಿಲ್ಲ. ನಿನ್ನ ಗಂಡ ಇನ್ನೇನು ಅಲ್ಲೇ ಹುಟ್ಟಬೇಕಿತ್ತು." ಹೆಮ್ಮೆಯಿಂದ ಹೇಳ್ತಾರೆ!

13, ಗುರುವಾರ. 10 ಗಂಟೆ

ಮತ್ತೆರಡು ಮಾತ್ರೆ. ವಾಂತಿ. ಬೆನ್ನಲ್ಲಿ ಗರಗಸ. ಬಾಯಿ ಒಂದೇ ಬೆರಳಷ್ಟು. ಮೇಡಂ ಬೋರ್ಡು ನೋಡಿ "ಏಳು ಇನ್ನೂ ಖಾಲಿ ಆಗಿಲ್ವಾ?" ಅಂದ್ರು. ನಾನು ಏಳು.

ಹನ್ನೆರಡಕ್ಕೆ ನೀರು ಒಡೆಸ್ತಾರಂತೆ. ಆಮೇಲೆ ಡ್ರಿಪ್ಪು. ಆಗ್ಲಿಲ್ಲ ಅಂದ್ರೆ ಸಂಜೆ ಆಪರೇಷನ್. ಸಿಸ್ಟರನ್ನ ಕೇಳ್ದೆ, ನೀರು ಒಡೆದ ಮೇಲೆ ನಿಲ್ಲಿಸಬಹುದಾ? "ನಿಲ್ಲಿಸೋದಾ? ಒಡೆದ ಮೇಲೆ ಮಗು ಹೊರಗೆ ಬರಲೇಬೇಕು."

ಐದನೇ ಬೆಡ್ಡಿನ ಮಗೂನ ಬೆಳಿಗ್ಗೆ ಗಾಜಿನ ಪೆಟ್ಟಿಗೇಲಿ ಇಟ್ಟಿದಾರೆ. ಉಸಿರಾಟ ಸರಿ ಇಲ್ಲ. ಅವಳು ಯಾವ ಫ್ಯಾಕ್ಟರಿ? ಕೇಳೋಕೆ ಧೈರ್ಯ ಬರಲಿಲ್ಲ.

ಎರಡು ಗಂಟೆ ಟೈಮಿದೆ. ಮೂರು ವಾರ ಕಾಲು ಚಾಚಿ ಕೂರೋ ಆಸೆಗೆ ಮಗೂನ ಉಸಿರಿಗೇ ಕೈ ಹಾಕಿದೀನಾ ನಾನು? ಹೇಸಿಗೆ ಆಗ್ತಿದೆ. ಈ ವಾರ್ಡಿಗಿಂತ, ಆ ಬಕೆಟ್ಟಿಗಿಂತ ನನ್ನ ಮೇಲೇ.

13, ಮಧ್ಯಾಹ್ನ 2

ಹೇಳ್ದೆ.

ಮೊದಲು ಸಿಸ್ಟರಿಗೆ. ಅವರು ಗಾಬರಿ ಆಗ್ತಾರೆ ಅಂದ್ಕೊಂಡೆ. ಸೂಜಿ ಪ್ಯಾಕೆಟ್ಟು ಕೆಳಗಿಟ್ಟು, "ಗಾರ್ಮೆಂಟ್ಸಾ? ಎಷ್ಟು ವಾರ?" ಅಂದ್ರು. ಮೂರು ಅಂದೆ. "ಈ ತಿಂಗಳು ನೀವು ಎರಡನೇಯವರು. ಮೊದಲನೇಯವಳು ಹೆತ್ತ ಮೇಲೆ ಹೇಳಿದ್ಲು." ಐದನೇ ಬೆಡ್ಡಿನ ಕಡೆ ನೋಡಿದ್ರು. ನಾನು ನೋಡ್ಲಿಲ್ಲ.

ಮೇಡಂ ಬಂದ್ರು. ಉಗಿದು ಉಪ್ಪಿನಕಾಯಿ ಹಾಕಿದ್ರು. "ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ? ನಮ್ಮ ತಲೆಗೆ ತರ್ತೀರಲ್ಲ!" ಎಲ್ಲ ಸರಿ, ಉಗೀರಿ. ಆದ್ರೆ ನಾನೂ ಕೇಳಿದೆ: "ಸ್ಕ್ಯಾನಲ್ಲಿ ಮೂರು ವಾರ ಕಮ್ಮಿ ಅಂತ ಬಂದಿತ್ತಲ್ಲ ಮೇಡಂ, ನೀವೇ ನೋಡಿದ್ರಲ್ವಾ?" ಆ ಹೆಂಗಸು ಫೈಲ್ ತಿರುವಿದ್ರು. ತಿರುವಿದ್ರು. ಮುಖದ ಬಣ್ಣ ಹೋಯ್ತು. ಆಮೇಲೆ ಮೆತ್ತಗೆ, "ಸರಿ, ನೀರು ಒಡೆಸೋದು ಬೇಡ. ಮಗು ಎದೆಬಡಿತ ಚೆನ್ನಾಗಿದೆ. ನಾಳೆವರೆಗೆ ನೋಡೋಣ."

ಕಾರ್ಡಲ್ಲಿ 6 ಹೊಡೆದು 27 ಬರೆದ್ರು. ಸೀಲ್ ಹಾಕಿದ್ರು. ಫ್ಯಾಕ್ಟರಿಗೆ ಒಂದು ಕಾಪಿ. ತಮ್ಮ ತಪ್ಪಿಗೆ ಮಾತ್ರ ಸೀಲ್ ಇಲ್ಲ.

14, ಶುಕ್ರವಾರ

ಮನೆ. ಹೊಟ್ಟೆ ಸಮೇತ ವಾಪಸ್ಸು. ನೋವು ನಿಂತಿದೆ. ಒಳಗಡೆ ಒದೀತಿದೆ, ಕೋಪ ಇರಬೇಕು.

ಮನೆಗೆ ಬಂದು ಇವರು ಬ್ಯಾಗಿನ ಬಟ್ಟೆ ಒಂದೊಂದೇ ಕಪಾಟಿಗೆ ಇಟ್ರು. ಕೊನೆಗೆ, "ನನಗೆ ಹೇಳಿದ್ರೆ ನಾನೇನು ಫ್ಯಾಕ್ಟರಿಗೆ ಹೋಗಿ ಊದ್ತಿದ್ನಾ?" ಅತ್ತೆಗೆ ಬೇರೇನೇ ಚಿಂತೆ. "ಬೀದಿಗೆಲ್ಲ ಹೇಳ್ಬಿಟ್ಟಿದೀನಿ ಇವತ್ತು ಮಗು ಅಂತ. ಯಾವ ಮುಖ ಇಟ್ಕೊಂಡು ಹೊರಗೆ ಹೋಗ್ಲಿ?" ನನ್ನ ಹೊಟ್ಟೆ ನೋಡಿ ಮೂಗು ಮುರಿದ್ರು.

17, ಸೋಮವಾರ. ಊಟದ ಬಿಡುವು

ಕೆಲಸಕ್ಕೆ ಬಂದಿದೀನಿ. ಹೌದು! ಶನಿವಾರ ಆಫೀಸಿನಿಂದ ಫೋನು: ನಿಜವಾದ ತಾರೀಖಿನ ಪ್ರಕಾರ ರಜೆ 20ರಿಂದ. ಮೂರು ದಿನ ಬಂದು ನಿಲ್ಲಿ, ಇಲ್ಲಾಂದ್ರೆ ಕೆಲಸ ಬಿಟ್ಟ ಹಾಗೆ. ಇವರು "ಹೋಗ್ಬೇಡ, ಬಿದ್ದು ಹೋಗ್ಲಿ" ಅಂದ್ರು. ಹೆತ್ತ ಮೇಲೆ ಕೆಲಸ ಬೇಡ್ವಾ? ಬಂದೆ.

ಇನ್ಮೇಲೆ ಬಸುರೀರೆಲ್ಲ ಮೂರನೇ ತಿಂಗಳಲ್ಲೇ ಸ್ಕ್ಯಾನ್ ರಿಪೋರ್ಟ್ ಕೊಡಬೇಕು, ತಿಂಗಳು ದಾಟಿದೋರು ಈ ವಾರಾನೇ ಮಾಡಿಸಿ ತಾರೀಖು ಸರಿ ಮಾಡ್ಕೋಬೇಕು ಅಂತ ನೋಟೀಸು. ಲೈನು ಪೂರ್ತಿ ನನ್ನ ಜೊತೆ ಮಾತು ಬಿಟ್ಟಿದೆ. ಪ್ರೆಸ್ಸಿಂಗ್ ಅಕ್ಕ ನನ್ನ ಕಡೆ ಇಸ್ತ್ರಿ ಉಗಿ ಬಿಡ್ತಾಳೆ, ಮುಖ ತೋರ್ಸಲ್ಲ. ಕಾಜಾ ಮಿಷಿನ್ನಿನವಳಿಗೆ ಐದು ತಿಂಗಳು. ಅವಳೂ ತಳ್ಳಿ ಹೇಳಿದವಳೇ. ಬಂಡಲು ಕೊಡೋವಾಗ ಧಡಕ್ ಅಂತ ಬಿಸಾಕಿದ್ಲು. ಬಯ್ಕೊಳ್ಲಿ. ಅವಳ ಮಗು ಗಾಜಿನ ಪೆಟ್ಟಿಗೆಗೆ ಹೋಗಲ್ಲ. ಇದನ್ನ ಹೇಳಿದ್ರೂ ಕೇಳಲ್ಲ.

ಕಾಲು ಸತ್ತುಹೋಗಿದೆ.

19, ಬುಧವಾರ. ಮೂರೂ ಕಾಲು

ಕೊನೇ ದಿನ. ಬೆಳಿಗ್ಗೆಯಿಂದ ಸೊಂಟ ಹಿಡಿದಿತ್ತು. ನಿಂತಿದ್ದಕ್ಕೆ ಅಂದ್ಕೊಂಡೆ. ಮಧ್ಯಾಹ್ನ ಗಡಿಯಾರ ನೋಡ್ದೆ — ಹತ್ತು ನಿಮಿಷಕ್ಕೊಂದು. ಆಮೇಲೆ ಏಳು.

ಬಗ್ಗಿ ಶರ್ಟು ತಗೊಳೋವಾಗ ಟಪ್ ಅಂತು ಒಳಗೆ. ಬಿಸಿ ನೀರು, ಕಾಲಗುಂಟ. ಕೆಳಗಿದ್ದ ಬಂಡಲು ಪೂರ್ತಿ ಒದ್ದೆ — ಬಿಳಿ ಶರ್ಟು, ಪಾಸಾಗಿದ್ದು. ಸೂಪರ್‌ವೈಸರ್ ಓಡಿ ಬಂದ. "ಅಯ್ಯೋ ಮಾಲು!" ಮಾಲು ಅಂತೆ ಮಾಲು. ಥೂ ಇವನ. ನಗು ಬಂತು. ಜೋರಾಗಿ.

ಗಾಡಿಗೆ ಫೋನ್ ಮಾಡಿದಾರೆ. ಇವರಿಗೂ. ಕಾಜಾದವಳು ಅವಳ ಸ್ಟೂಲು ತಂದು ಕೂರಿಸಿದಾಳೆ, ನನ್ನ ಕೈ ಬಿಟ್ಟಿಲ್ಲ. ಐದು ನಿಮಿಷಕ್ಕೊಂದು ಈಗ. ಮಾತ್ರೆದು ಗರಗಸ. ಇದು ಬೇರೆ. ಬರುತ್ತೆ, ಹೋಗುತ್ತೆ, ನಡುವೆ ಉಸಿರು ಬಿಡುತ್ತೆ. ಭಯ ಇದೆ. ಆದ್ರೂ ಯಾರೂ ಬರಿಸಿದ್ದಲ್ಲ ಇದು, ತಾನಾಗೇ

ಪ್ರೆಸ್ಸಿಂಗ್ ಅಕ್ಕ ಬಂದ್ಲು. ಮೂರು ದಿನದ ಮೇಲೆ ಮೊದಲನೇ ಮಾತು: "ಆ ಪೆನ್ನು ಬಿಸಾಕ್ತೀಯೋ ಇಲ್ಲ ನಾನೇ ಕಿತ್ಕೊ