ಫಿಟ್ ಇದ್ದಾರಂತೆ

ಠಾಣೆಯ ಬೆಂಚಿನಿಂದ,
ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಸಂಜೆ ನಾಲ್ಕೂ ಹತ್ತಕ್ಕೆ ಠಪ್ ಎಂದು ಸೀಲು ಬಿದ್ದ ಸದ್ದಿಗೆ ಎಚ್ಚರವಾಯಿತು. ಎರಡು ರಾತ್ರಿ ಕಣ್ಣು ಮುಚ್ಚದವಳು ಪಾಪುವನ್ನು ಮಡಿಲಲ್ಲಿಟ್ಟುಕೊಂಡು ಕೂತಲ್ಲೇ ತೂಕಡಿಸಿದ್ದೆ. ನಿನ್ನ ಸೊಂಟನೋವು ಹೇಗಿದೆ? ಊರವರ ನರಗಳನ್ನೆಲ್ಲ ನೋಡುವ ಡಾಕ್ಟರಿಗೆ ತನ್ನದನ್ನು ನೋಡಿಕೊಳ್ಳಲು ಪುರುಸೊತ್ತಿಲ್ಲ ಎಂದು ಇವರು ನಗುತ್ತಿದ್ದರಲ್ಲ, ಆ ಇವರೀಗ ಲಾಕಪ್ಪಿನಲ್ಲಿದ್ದಾರೆ.

ಮುಷ್ಕರದವರ ಕರಪತ್ರವನ್ನು ತಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿಕೊಟ್ಟಿದ್ದೇ ತಪ್ಪಂತೆ. ಅದನ್ನು ಕೋರ್ಟಿನಲ್ಲಿ ನೋಡಿಕೊಳ್ಳೋಣ, ನನ್ನ ಹೊಟ್ಟೆ ಉರಿಯುತ್ತಿರುವುದು ಬೇರೆಯದಕ್ಕೆ. ಮೊನ್ನೆ ಕರೆತಂದಾಗಲೇ ಬರೆಯುವ ಪೇದೆಗೆ ಹೇಳಿದೆ, 'ಅವರಿಗೆ ಫಿಟ್ಸ್ ಇದೆ, ದಿನಕ್ಕೆರಡು ಮಾತ್ರೆ ತಪ್ಪಬಾರದು' ಎಂದು. ಆ ಮಹಾನುಭಾವ ರಿಜಿಸ್ಟರಿನಲ್ಲಿ 'ಫಿಟ್ ಇದ್ದಾರೆ, ಪತ್ನಿಯ ಹೇಳಿಕೆ' ಎಂದು ಬರೆದುಕೊಂಡಿದ್ದಾನೆ. ಆಸ್ಪತ್ರೆಗೂ ಒಯ್ದರು. ಅಲ್ಲಿಯ ಡಾಕ್ಟರು ಇವರನ್ನು ಜೀಪಿನಿಂದ ಇಳಿಸದೆ, ನಾಡಿ ಮುಟ್ಟದೆ, ಅದೇ ಸಾಲನ್ನು ನಕಲು ಮಾಡಿ ಸಹಿ ಹಾಕಿದ್ದಾರೆ. ನೀನು ಬರೆದುಕೊಟ್ಟ, ನಾನು ತಂದುಕೊಟ್ಟ ಮಾತ್ರೆಯ ಸೀಸೆ ಇಲ್ಲಿ ಕಾಗದ ಹಾರದಂತೆ ಮೇಜಿನ ಮೇಲೆ ಭಾರವಾಗಿ ಕೂತಿದೆ. ಕೇಳಿದರೆ, 'ಫಿಟ್ ಅಂತ ನೀವೇ ಹೇಳಿದ್ದಲ್ವೇನಮ್ಮಾ, ಈಗ ಕಾಯಿಲೆ ಅಂದ್ರೆ ಹೇಗೆ?'

ಓದಿದವಳಲ್ಲವೇ, ಗೋಡೆಯ ಫಲಕ ಓದತೊಡಗಿದೆ. ಬಂಧಿತರನ್ನು ವೈದ್ಯರು ಪರೀಕ್ಷಿಸಬೇಕು. ಸಾಗಿಸುವಾಗ ಔಷಧಿ ಜೊತೆಗಿರಬೇಕು. ಕೊನೆಯ ಸಾಲಿನ ಮೇಲೆ ಪೇದೆಯ ಟೋಪಿ ನೇತಾಡುತ್ತಿತ್ತು. ಎದ್ದು ಹೋಗಿ ಟೋಪಿ ತೆಗೆದು ಅವನ ಮುಂದಿಟ್ಟೆ. 'ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳದೆ ರೋಗಿಯನ್ನು ಸಾಗಿಸುವಂತಿಲ್ಲ.' ಠಾಣೆಗೆಲ್ಲ ಕೇಳುವಂತೆ ಓದಿದೆ. ಪಾಪು ಬೆಚ್ಚಿ ಅತ್ತಿತು. ಒಳಗಿನಿಂದ ಇವರು 'ಮೆಲ್ಲಗೆ ಕಣೇ' ಎಂದರು. ಮೆಲ್ಲಗೆ ಹೇಳಿದ್ದಕ್ಕೇ ಇಷ್ಟಾಗಿದ್ದು. ಇನ್‌ಸ್ಪೆಕ್ಟರು ಹೊರಬಂದು ಫಲಕವನ್ನು ಹೊಸದಾಗಿ ನೋಡುವವರಂತೆ ನೋಡಿ, 'ಆ ಡಾಕ್ಟರೇ ಫೋನ್ ಮಾಡ್ಲಿ, ಬರ್ಕೋತೀನಿ' ಎಂದಿದ್ದಾರೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿದ್ದೆಗೆಟ್ಟ ನಿನ್ನ ತಂಗಿ

ಮರೆತೆ: ಆ ಸೀಲು ಬಿದ್ದಿದ್ದು ಇವರನ್ನು ದೂರದ ಜೈಲಿಗೆ ಸಾಗಿಸುವ ಕಾಗದದ ಮೇಲೆ. ನಾಳೆ ಬೆಳಗ್ಗೆ ಆರಕ್ಕೆ ವ್ಯಾನು, ಎಂಟು ಗಂಟೆಯ ದಾರಿ, ಕೈಕೋಳವನ್ನು ಸರಳಿಗೆ ಬಿಗಿಯುತ್ತಾರಂತೆ. ಮಾತ್ರೆ ತಪ್ಪಿದ ಮೂರನೇ ದಿನ ಏನಾಗುತ್ತದೆಂದು ನನಗೆ ಹೇಳಿಕೊಟ್ಟವಳು ನೀನೇ. ನಿನ್ನ ಫೋನು ಆಫ್, ವಾರ್ಡಿನವರು ಎತ್ತುವುದಿಲ್ಲ, ಅದಕ್ಕೇ ನಿನ್ನೂರಿನ ಬಸ್ ಕಂಡಕ್ಟರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಠಾಣೆಯ ನಂಬರು ಹಿಂದಿನ ಪುಟದಲ್ಲಿದೆ. ಫಿಟ್ಸ್ ಎನ್ನಬೇಡ. ಮೂರ್ಛೆರೋಗ ಅನ್ನು, ಒಂದೊಂದೇ ಅಕ್ಷರ ಬಿಡಿಸಿ ಬರೆಸು. ಬೆಳಗಾಗುವುದರೊಳಗೆ ಫೋನ್ ಮಾಡೇ ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ.