ನಮ್ಮದಲ್ಲ ಎಂದ ನೆಲ

ಮಾನ್ಯ ಜಿಲ್ಲಾಧಿಕಾರಿಗಳೇ,

ಸಂಜೆ ಏಳು ಗಂಟೆ. ಕುರಿಗಳು ದೊಡ್ಡಿ ಸೇರಿವೆ. ನಮ್ಮ ಮರಳುಗಾಡಿನ ಊರಿನವರು ಓರಣ ಎಂದು ಕರೆಯುವ, ದೇವಿಗೆ ಬಿಟ್ಟ ಕುರುಚಲು ಕಾಡನ್ನು ಇವತ್ತು ನಿಮ್ಮ ಕಚೇರಿಯವರು ಪಾಳು ಭೂಮಿ ಎಂದು ಬರೆದುಕೊಂಡು ಹೋದರು. ಬಿಸಿಲಿನಿಂದ ವಿದ್ಯುತ್ ತೆಗೆಯುವ ಕಂಪನಿಗೆ ಅದನ್ನು ಕೊಡುತ್ತೀರಂತೆ. ಊರಿನವರ ತಕರಾರು ಏನೂ ಇಲ್ಲವಂತೆ. ಅದು ನಿಜ, ಯಾರೂ ತಕರಾರು ಮಾಡಲಿಲ್ಲ. ಆ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ತಹಸೀಲ್ದಾರರು ಬನ್ನಿ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೇಳಿದರು: "ಹೇಳ್ರಪ್ಪಾ, ಈ ಜಾಗ ಯಾರ್ದು?"

ಊರಿನ ಹಿರಿಯರಾದ ನನ್ನ ಭಾವ ತಣೇರಾಜ್ ಸಿಂಗ್ ಎರಡೂ ಕಿವಿ ಹಿಡಿದುಕೊಂಡರು. "ನಮ್ದಲ್ಲ ಸಾಹೇಬ್ರೇ, ತಾಯಿದು. ನಮ್ದು ಅಂದ ನಾಲಿಗೆ ಉಳಿಯುತ್ತಾ?"

"ನಿಂದೇನಯ್ಯಾ ಹಾಗಾದ್ರೆ?" ಎಂದು ಕುರಿಗಾಹಿ ಸೋನಾರಾಮನ ಕಡೆ ತಿರುಗಿದರು.

"ಬಿಡ್ತು ಅನ್ನಿ ಸ್ವಾಮಿ! ಅಲ್ಲಿಂದ ಬರುವಾಗ ಪಂಚೆಗೆ ಅಂಟಿದ ಮುಳ್ಳನ್ನೂ ಅಲ್ಲೇ ಕೊಡವಿ ಬರೋನು ನಾನು."

ಊರೆಲ್ಲ ಹೆಮ್ಮೆಯಿಂದ ನಕ್ಕಿತು. ಸೆರಗಿನೊಳಗೆ ನಾನೂ ನಕ್ಕೆ. ತಹಸೀಲ್ದಾರರೂ ನಕ್ಕು, ಬರೆದದ್ದನ್ನು ಓದಿದರು: "ಯಾರ್ದೂ ಅಲ್ಲ. ಮುಂದಿನ ವಾರ ಯಂತ್ರ ಬರುತ್ತೆ."

"ಯಾರ್ದೂ ಅಲ್ಲ ಅಂತ ನಾವೆಲ್ಲಿ ಅಂದ್ವಿ? ತಾಯಿದು ಅಂದ್ವಿ," ಎಂದರು ಭಾವ.

"ಹಾಗಾದ್ರೆ ತಾಯೀನೇ ಬಂದು ಸಹಿ ಹಾಕ್ತಾಳಾ, ಅಜ್ಜಾ?"

ಆಮೇಲೆ ಯಾರೂ ನಗಲಿಲ್ಲ.

ಯಾರೊಬ್ಬರೂ ನಮ್ಮದು ಎನ್ನದೆ ಇದ್ದದ್ದಕ್ಕೇ ಅದು ಎಲ್ಲರ ಕುರಿಗೂ ಉಳಿದಿತ್ತು, ಮಾನ್ಯರೇ. ಒಳಗೆ ಕೊಡಲಿ ಹೋಗುವುದಿಲ್ಲ, ಹೊರಗೆ ಒಣ ಕಡ್ಡಿ ಬರುವುದಿಲ್ಲ. ಅಲ್ಲಿಯ ಹುಲ್ಲು ಮರಳನ್ನು ಹಿಡಿದಿಟ್ಟಿದೆ. ಅಲ್ಲಿ ಬಿದ್ದ ಮಳೆಯೇ ಹರಿದು ನಮ್ಮ ಕೆರೆಗೆ ಬರುತ್ತದೆ. ನನ್ನ ಗಂಡ ಖಂಗಾರ್ ಬೇಸಿಗೆ ಬಂದರೆ ಆ ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತು ದಂಡೆಗೆ ಹಾಕುತ್ತಿದ್ದರು. ಈ ಚಳಿಗಾಲದಲ್ಲಿ ತೀರಿಕೊಂಡರು. ಸುಡಲು ಕಟ್ಟಿಗೆ ಸಾಲದೆ ಅವರ ಮಂಚವನ್ನೇ ಮುರಿದೆವು. ಎದುರಿಗೇ ಓರಣವಿತ್ತು. ಅಲ್ಲಿಂದ ಒಂದು ಕೊಂಬೆ ತರೋಣ ಎಂದು ಯಾರಿಗೂ ಹೊಳೆಯಲಿಲ್ಲ. ಇಂಥ ನೆಲ ಪಾಳಾದರೆ, ನೋಡಿಕೊಂಡ ನೆಲ ಹೇಗಿರಬೇಕು ಎಂದು ನಿಮ್ಮ ಎಣಿಕೆ? ಬೇಲಿ ಹಾಕಿ ಬೋರ್ಡು ನಿಲ್ಲಿಸಬೇಕಿತ್ತೇ?

ಇನ್ನೊಂದು ಮಾತು ಉಳಿದಿದೆ. ಇದನ್ನು ಬರೆಯದೆ ಬಿಟ್ಟರೆ ಅದೂ ಸುಳ್ಳಾಗುತ್ತದೆ. ನಿಮ್ಮ ಜೀಪಿನ ಚಾಲಕ ಓರಣದೊಳಗಿಂದ ಬನ್ನಿಯ ಕೊಂಬೆ ಮುರಿದು ತಂದು ಒಲೆ ಹೊತ್ತಿಸಿದ. ಎಲ್ಲರೂ ನೋಡಿದೆವು. ಬಂದವರಿಗೆ ಬೇಡ ಎನ್ನುವ ಅಭ್ಯಾಸ ನಮಗಿಲ್ಲ. ಹೆಂಗಸರ ಕಡೆಗೂ ಲೋಟಗಳು ಬಂದವು. ನನ್ನ ಗಂಡನ ಚಿತೆಗೆ ತರದಿದ್ದ ಕಟ್ಟಿಗೆಯಲ್ಲಿ ಕಾಸಿದ ಚಹಾವನ್ನು ಕುಡಿದೆ. ಹೊಗೆಯ ವಾಸನೆ ಇನ್ನೂ ಬಾಯಲ್ಲಿದೆ.

ಯಂತ್ರ ಬರುವ ಮೊದಲು ನೀವೇ ಒಮ್ಮೆ ಬನ್ನಿ. ಪಾಳು ಎಂಬುದನ್ನು ಹೊಡೆದುಹಾಕಿ, ಓರಣ ಎಂದು ಬರೆಯಿರಿ. ಯಾರದು ಎಂದು ಮತ್ತೆ ಕೇಳಿದರೆ ಇಲ್ಲೇ ಹೇಳುತ್ತಿದ್ದೇನೆ, ನಮ್ಮದು. ತಪ್ಪಾಗಿದ್ದರೆ ದೇವಿ ನನ್ನೊಬ್ಬಳನ್ನೇ ಕೇಳಲಿ. ನಮ್ಮ ಊರಿನಲ್ಲಿ ಈ ಮಾತನ್ನು ಯಾರೂ ಆಡಿದ್ದಿಲ್ಲ.

ನಾಳೆಯೂ ಕುರಿಗಳನ್ನು ಅಲ್ಲಿಗೇ ಬಿಡುತ್ತೇನೆ. ಹೊರಗೆ ಬರುವಾಗ ಸೆರಗಿನ ಮುಳ್ಳು ಕೊಡವಿ ಬರುತ್ತೇನೆ.

ಇಂತಿ,
ನಿಮ್ಮವರ ಚಹಾ ಕುಡಿದು ಸುಮ್ಮನಿದ್ದವಳು,
ಹಂಜಾ ಕಂವರ್