ಮೂವತ್ತು ದಿನದ ತಿಂಗಳುಗಳು ಎಲ್ಲಿ ಹೋದವು?

ಮಾನ್ಯ ನೇಮಕಾತಿ ಅಧಿಕಾರಿಗಳೇ,

ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದ ಕಾಯಂ ಹುದ್ದೆಗೆ ನನ್ನಕ್ಕ ಹಾಕಿದ ಅರ್ಜಿಯನ್ನು ತಮ್ಮ ತಂತ್ರಾಂಶ ತಿರಸ್ಕರಿಸಿದೆ. ಕಾರಣ ಎರಡು. ಒಂದು, ಅವಳಿಗೆ ವಯಸ್ಸು ಹೆಚ್ಚಾಯಿತು. ಎರಡು, ಅವಳಿಗೆ ಅನುಭವ ಸಾಲದು. ಒಬ್ಬಳೇ ಹೆಂಗಸನ್ನು ಒಂದೇ ಚೀಟಿಯಲ್ಲಿ ಮುದುಕಿಯನ್ನೂ ಎಳಸನ್ನೂ ಮಾಡಿದ ತಮ್ಮ ಕಚೇರಿಗೆ ಮೊದಲು ನಮಸ್ಕಾರ, ಆಮೇಲೆ ತಕರಾರು.

ಅಕ್ಕನ ವಯಸ್ಸು ನನಗೆ ಗೊತ್ತಿರುವಷ್ಟು ತಮಗೆ ಗೊತ್ತಿರಲಾರದು. ನಾವು ಅವಳಿಗಳು; ಹತ್ತು ನಿಮಿಷ ಮೊದಲು ಬಂದ ತಪ್ಪಿಗೆ, ಅಥವಾ ಪುಣ್ಯಕ್ಕೆ, ಅವಳು ಅಕ್ಕ. ಅರ್ಜಿಯ ಕೊನೆಯ ದಿನ ನಲವತ್ತೈದು ತುಂಬಿರಬಾರದು ಎಂಬುದು ನಿಯಮ. ಅಂದಿಗೆ ನಮ್ಮ ಹುಟ್ಟಿದ ದಿನಕ್ಕೆ ಇನ್ನೂ ಒಂಬತ್ತು ದಿನ ಬಾಕಿ. ಆದರೆ ಚೀಟಿಯಲ್ಲಿದ್ದದ್ದು ನಲವತ್ತೈದು ವರ್ಷ ಎರಡು ದಿನ! ಇಬ್ಬರೂ ಕಚೇರಿಗೆ ಓಡಿದೆವು.

"ಕಂಪ್ಯೂಟರ್ ಪ್ರಕಾರ ನಿಮಗೆ ವಯಸ್ಸಾಯ್ತು ಮೇಡಂ" ಎಂದರು ಗುಮಾಸ್ತರು.

"ನನ್ನ ಗಂಡನಿಗೇ ಇದನ್ನ ಹೇಳೋಕೆ ಧೈರ್ಯ ಬಂದಿಲ್ಲ ಸ್ವಾಮಿ. ನಿಮ್ಮ ಪೆಟ್ಟಿಗೆಗೆ ಎಲ್ಲಿಂದ ಬಂತು?" ಎಂದಳು ಅಕ್ಕ.

"ವರ್ಷಕ್ಕೆ ಮುನ್ನೂರ ಅರವತ್ತೈದು ದಿನ. ಅಷ್ಟೇ ಅದರ ಲೆಕ್ಕ."

"ಫೆಬ್ರವರಿ ಇಪ್ಪತ್ತೊಂಬತ್ತು ಬರೋ ವರ್ಷ?"

"ಅದನ್ನ ಅದು ಕೇಳಲ್ಲ ಮೇಡಂ."

ನಮ್ಮ ಆಯುಷ್ಯದಲ್ಲಿ ಅಂಥ ಫೆಬ್ರವರಿ ಹನ್ನೊಂದು ಸಲ ಬಂದು ಹೋಗಿದೆ. ಆ ಹನ್ನೊಂದು ದಿನಗಳನ್ನು ತಮ್ಮ ತಂತ್ರಾಂಶ ಮುಂಗಡವಾಗಿ ನಮ್ಮ ವಯಸ್ಸಿಗೆ ಜಮಾ ಮಾಡಿದೆ. ಎಂಥ ಔದಾರ್ಯ!

ಇಷ್ಟು ಧಾರಾಳಿಯಾದ ಯಂತ್ರ ಅನುಭವ ಎಣಿಸುವಾಗ ಎಷ್ಟು ಜಿಪುಣ ಎಂಬುದನ್ನೂ ಕೇಳಿ. ಅಕ್ಕ ಹತ್ತು ವರ್ಷದಿಂದ ಅದೇ ವಿಭಾಗದಲ್ಲಿ ತಾತ್ಕಾಲಿಕ ನೌಕರಳು. ಆಸ್ಪತ್ರೆಯ ಪದ್ಧತಿ ಏನೆಂದರೆ, ಪ್ರತಿ ತಿಂಗಳ ಒಂದನೇ ತಾರೀಖು ಹೊಸ ಆದೇಶ, ತಿಂಗಳ ಕೊನೆಗೆ ಅದರ ಅಂತ್ಯ. ಹೀಗೆ ನೂರ ಇಪ್ಪತ್ತು ಆದೇಶಗಳನ್ನು ಅಕ್ಕ ಒಂದೊಂದಾಗಿ ಟೈಪಿಸಿದಳು. ತಂತ್ರಾಂಶ ಪ್ರತಿಯೊಂದರಲ್ಲೂ ಕೊನೆಯ ತಾರೀಖಿನಿಂದ ಮೊದಲ ತಾರೀಖನ್ನು ಕಳೆಯಿತು. ಉತ್ತರ ಮೂವತ್ತು ಬಂದರೆ ಒಂದು ತಿಂಗಳು, ಬಾರದಿದ್ದರೆ ಸೊನ್ನೆ. ಮೂವತ್ತರಲ್ಲಿ ಒಂದು ಕಳೆದರೆ ಇಪ್ಪತ್ತೊಂಬತ್ತು. ಆದ್ದರಿಂದ ಏಪ್ರಿಲ್ ಸೊನ್ನೆ, ಜೂನ್ ಸೊನ್ನೆ, ಸೆಪ್ಟೆಂಬರ್ ಸೊನ್ನೆ, ನವೆಂಬರ್ ಸೊನ್ನೆ. ಫೆಬ್ರವರಿಯ ಪಾಡಂತೂ ಕೇಳುವವರೇ ಇಲ್ಲ. ಮೂವತ್ತೊಂದು ದಿನವಿರುವ ಏಳು ತಿಂಗಳು ಮಾತ್ರ ಪಾಸು. ಹತ್ತು ವರ್ಷ ದುಡಿದವಳಿಗೆ ದಕ್ಕಿದ್ದು ಐದು ವರ್ಷ ಹತ್ತು ತಿಂಗಳು. ಬೇಕಿದ್ದದ್ದು ಎಂಟು ವರ್ಷ. ಐವತ್ತು ತಿಂಗಳು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆ ಐವತ್ತು ತಿಂಗಳಲ್ಲಿ ಊರಿನವರ ತೋಳಿಗೆ ಸೂಜಿ ಚುಚ್ಚಿದವರು ಯಾರು ಸ್ವಾಮಿ? ಸೊಳ್ಳೆಗಳೇ?

ಇದು ಸುಲಭದ ಕೆಲಸ ಎಂದು ನಾನು ಹೇಳುವುದಿಲ್ಲ. ನಿಮಿಷ, ಗಂಟೆ ಸಾಧುಪ್ರಾಣಿಗಳು; ಎಲ್ಲಿ ಕಟ್ಟಿದರೂ ಅಷ್ಟೇ ಉದ್ದ. ತಿಂಗಳು ಹಾಗಲ್ಲ, ಕರೆದಾಗ ಒಂದು ಅಳತೆ, ಕಳಿಸುವಾಗ ಇನ್ನೊಂದು. ಜನವರಿ ಮೂವತ್ತೊಂದಕ್ಕೆ ಒಂದು ತಿಂಗಳು ಕೂಡಿಸಿದರೆ ಯಾವ ದಿನ? ಫೆಬ್ರವರಿಯಲ್ಲಿ ಮೂವತ್ತೊಂದನ್ನು ಹುಡುಕಿಕೊಂಡು ಹೊರಟವನು ಮಾರ್ಚ್‌ನಲ್ಲಿ ಹೋಗಿ ಬೀಳುತ್ತಾನೆ. ಅಳೆಯುವ ಕೋಲೇ ಹಿಗ್ಗಿ ಕುಗ್ಗುವಾಗ ಅಳೆಯುವವನು ಬಗ್ಗಿ ನೋಡಬೇಕು. ಅದಕ್ಕೇ ಮಕ್ಕಳು ಮುಷ್ಟಿ ಹಿಡಿದು ಗೆಣ್ಣಿನ ಮೇಲೆ ತಿಂಗಳು ಎಣಿಸುವುದು. ತಮ್ಮ ಕಚೇರಿಯಲ್ಲಿ ಮುಷ್ಟಿಗಳಿಗೆ ಕೊರತೆಯೇನೂ ಕಾಣಲಿಲ್ಲ, ಎಲ್ಲವೂ ಮೇಜಿನ ಮೇಲೆ ಗುದ್ದುವುದರಲ್ಲಿ ನಿರತವಾಗಿದ್ದವು.

ತಂತ್ರಾಂಶ ಬರೆದಾಕೆಯನ್ನೂ ಕಂಡೆವು. ಮೂರನೇ ಮಹಡಿಯಲ್ಲಿ, ಕೈ ಮುರಿದ ಕುರ್ಚಿಗೆ ದಾರ ಸುತ್ತಿಕೊಂಡು ಕೂತಿದ್ದರು. ಜಗಳವಾಡಲೆಂದು ಹೋದವನು ನಾನು. ಆಕೆ ಹೇಳಿದರು: "ತಿಂಗಳು ಅಂದ್ರೆ ಎಷ್ಟು ದಿನ ಅಂತ ಹಿಡೀಬೇಕು, ಅಂತ ಮೂರು ಸಲ ಬರೆದು ಕೇಳಿದೆ ಸರ್. 'ಮೂವತ್ತು ಅಂತ ಹಾಕಿ ಮುಗಿಸಿ' ಅಂತ ಮೇಲಿಂದ ಬಂತು. ಸರಿ ಮಾಡೋದು ಒಂದು ಮಧ್ಯಾಹ್ನದ ಕೆಲಸ. ಆದ್ರೆ ಸಾಹೇಬ್ರ ಸಹಿ ಇಲ್ದೆ ಮುಟ್ಟೋ ಹಾಗಿಲ್ಲ."

ಆ ಸಾಹೇಬರು ತಾವು. ಆದ್ದರಿಂದ ಈ ಪತ್ರ ಯಂತ್ರಕ್ಕಲ್ಲ, ತಮಗೆ.

ಲಿಖಿತ ಪರೀಕ್ಷೆ ಬರುವ ಭಾನುವಾರ. ಈ ಹುದ್ದೆಗೆ ಇನ್ನೊಮ್ಮೆ ಅರ್ಜಿ ಕರೆಯುವ ಹೊತ್ತಿಗೆ ಅಕ್ಕನ ವಯಸ್ಸು ಯಾವ ಪಂಚಾಂಗದಲ್ಲಿ ನೋಡಿದರೂ ಮೀರಿರುತ್ತದೆ. ಇದೇ ಅವಳ ಕೊನೆಯ ಅವಕಾಶ. ನನ್ನ ಬೇಡಿಕೆ ಚಿಕ್ಕದು. ಹುಟ್ಟಿದ ತಾರೀಖು ತಿರುಗಿ ಬಂದಾಗ ವರ್ಷ ತುಂಬಿತೆನ್ನಿ. ಒಂದನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ದುಡಿದರೆ, ದಿನ ಎಷ್ಟೇ ಇರಲಿ, ಒಂದು ತಿಂಗಳೆನ್ನಿ. ಅಷ್ಟಕ್ಕೆ ಸಹಿ ಹಾಕಿ, ಶನಿವಾರದೊಳಗೆ ಅವಳ ಪ್ರವೇಶಪತ್ರ ಕಳಿಸಿ. ಅವಳೊಬ್ಬಳದ್ದೇ ಅಲ್ಲ, ತಮ್ಮ ಕಚೇರಿಯ ಕಿಟಕಿಯೆದುರು ಅದೇ ಚೀಟಿ ಹಿಡಿದು ನಿಂತಿದ್ದ ಎಲ್ಲರದ್ದೂ. ಪಾಸಾಗುವುದು ಬಿಡುವುದು ಅವರ ಪಾಡು.

ಇದು ಜೂನ್ ತಿಂಗಳು. ತಮ್ಮ ಲೆಕ್ಕದಲ್ಲಿ ಅಕ್ಕ ಈ ತಿಂಗಳು ಕೆಲಸದಲ್ಲೇ ಇಲ್ಲ. ಇವತ್ತು ಬೆಳಿಗ್ಗೆ ಏಳಕ್ಕೇ ಬಿಳಿ ಕೋಟು ಹಾಕಿಕೊಂಡು ಹೋದಳು.

ಇಂತಿ,
ಸೊನ್ನೆ ತಿಂಗಳಿನಲ್ಲಿ ಕೂತು ಉತ್ತರ ಕಾಯುತ್ತಿರುವ,
ಅರ್ಜಿದಾರಳ ತಮ್ಮ